ಹೆಬ್ಬೆರಳಷ್ಟು ಜಾಗ

"ನೆಟ್ಟಗೆ ನಿಂತ್ಕೋ. ಹೀಗೆ ಓಲಾಡ್ತಾ ಇದ್ರೆ ನಂಗೆ ಗೊತ್ತಾಗೋದಾದ್ರೂ ಹೇಗೆ?"

ಅಮ್ಮ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಅವಳ ಬಲಗೈ ಹೆಬ್ಬೆರಳು ಚೋಟುವಿನ ಶೂ ತುದಿಯನ್ನು ಹುಡುಕುತ್ತಿತ್ತು. ಚೋಟು ಗೋಡೆ ಹಿಡಿದು ನಿಂತಳು. ಉಸಿರು ಬಿಗಿಹಿಡಿದಳು. ಅಮ್ಮ ಒತ್ತುವುದಕ್ಕೆ ಒಂದು ಗಳಿಗೆ ಮುಂಚೆ, ಶೂ ಒಳಗೆ ಐದೂ ಕಾಲ್ಬೆರಳುಗಳನ್ನು ಬಸವನಹುಳುವಿನ ಹಾಗೆ ಮುದುರಿಕೊಂಡಳು.

ಅಮ್ಮನ ಹೆಬ್ಬೆರಳು ಮೆತ್ತಗೆ ಒಳಗಿಳಿಯಿತು.

"ನೋಡಿದ್ಯಾ? ಇನ್ನೂ ಹೆಬ್ಬೆರಳಷ್ಟು ಜಾಗ ಇದೆ. ಈ ಟರ್ಮ್ ಪೂರ್ತಿ ಬರುತ್ತೆ" ಅಂತ ಅಮ್ಮ ಎದ್ದಳು. "ನನ್ನ ಹೆಬ್ಬೆರಳು ಯಾವತ್ತೂ ಸುಳ್ಳು ಹೇಳಲ್ಲ."

ಅವಳ ಹೆಬ್ಬೆರಳೇನೋ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ಶೂ ಒಳಗಿದ್ದ ಬೆರಳುಗಳು.

ಅಮ್ಮ ಕೆಲಸ ಮಾಡುತ್ತಿದ್ದದ್ದು ಶೂ ಅಂಗಡಿಯಲ್ಲಿ, ಅದೂ ಮಕ್ಕಳ ವಿಭಾಗದಲ್ಲಿ. ದಿನವಿಡೀ ಅಳುವ ಮಕ್ಕಳು, ಒದೆಯುವ ಮಕ್ಕಳು, ಕಾಲು ಕೊಡದೆ ಕುರ್ಚಿಯ ಕೆಳಗೆ ನುಸುಳುವ ಮಕ್ಕಳು. ಅವರನ್ನೆಲ್ಲ ಪುಸಲಾಯಿಸಿ, ಕಾಲನ್ನು ಅಳತೆಮಣೆಯ ಮೇಲೆ ಇಡಿಸಿ, ಉದ್ದ ನೋಡಿ, ಅಗಲ ನೋಡಿ, ಶೂ ಹಾಕಿಸಿ, ಕೊನೆಗೆ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಮುಂದೆ ಹೆಬ್ಬೆರಳಷ್ಟು ಜಾಗ ಇರಲೇಬೇಕು. ಅದು ಕಾಲು ಬೆಳೆಯುವುದಕ್ಕೆ ಬಿಟ್ಟ ಜಾಗ.

ಮನೆಯಲ್ಲಿ ಅಳತೆಮಣೆ ಇರಲಿಲ್ಲ. ಸ್ವಂತ ಮಗಳಿಗೆ ಹೆಬ್ಬೆರಳೇ ಸಾಕು ಅಂತ ಅಮ್ಮನ ನಂಬಿಕೆ. ಜೊತೆಗೆ ಬಾಗಿಲ ಚೌಕಟ್ಟಿನ ಮೇಲೆ ಚೋಟುವಿನ ಎತ್ತರಕ್ಕೆ ಎಳೆದಿದ್ದ ಪೆನ್ಸಿಲ್ ಗೆರೆ ಹೋದ ವರ್ಷದಿಂದ ಅಲ್ಲಿಂದ ಮೇಲಕ್ಕೆ ಹತ್ತಿರಲೇ ಇಲ್ಲ. ತರಗತಿಯಲ್ಲಿ ಅವಳೇ ಎಲ್ಲರಿಗಿಂತ ಕುಳ್ಳಿ. ಚೋಟು ಅನ್ನುವ ಹೆಸರು ಬಂದದ್ದೇ ಹಾಗೆ. ಹುಡುಗಿಯೇ ಬೆಳೆದಿಲ್ಲ ಅಂದ ಮೇಲೆ ಕಾಲು ಬೆಳೆದೀತೇ ಅಂತ ಅಮ್ಮ ಅಂದುಕೊಂಡಿದ್ದಳು.

ಆದರೆ ಕಾಲು ಬೆಳೆದಿತ್ತು. ಹೇಳದೆ ಕೇಳದೆ, ಕಳ್ಳನ ಹಾಗೆ ಬೆಳೆದಿತ್ತು.

ಚೋಟುವಿನ ಶೂ ನೋಡಿದವರು ಯಾರೇ ಆದರೂ ಇನ್ನೊಮ್ಮೆ ತಿರುಗಿ ನೋಡುತ್ತಿದ್ದರು. ಬಲಗಾಲಿನದು ಕೆಂಪು, ಎಡಗಾಲಿನದು ನೀಲಿ. ಶಾಲೆಯಲ್ಲಿ ಅಂಥದೇ ಇನ್ನೊಂದು ಜೊತೆ ಇತ್ತು. ಅದರಲ್ಲಿ ಬಲಗಾಲಿನದು ನೀಲಿ, ಎಡಗಾಲಿನದು ಕೆಂಪು. ಅದು ಬುಗುರಿಯದು.

ಬುಗುರಿ ಚೋಟುವಿನ ಪ್ರಾಣದ ಗೆಳತಿ. ಕೂತಲ್ಲಿ ಕೂರುವವಳಲ್ಲ, ಅದಕ್ಕೇ ಆ ಹೆಸರು. ಇಬ್ಬರೂ ಒಂದೇ ದಿನ ಅಮ್ಮನ ಅಂಗಡಿಯಲ್ಲಿ ಶೂ ಕೊಂಡಿದ್ದರು. ಚೋಟು ಕೆಂಪು ಆರಿಸಿದಳು, ಬುಗುರಿ ನೀಲಿ. "ಅರೆ, ಇಬ್ಬರದೂ ಒಂದೇ ಅಳತೆ!" ಅಂದಳು ಅಮ್ಮ. ಬುಗುರಿಗೆ ಅಷ್ಟು ಸಾಕಾಯಿತು. ಅಂಗಡಿಯ ಮೆಟ್ಟಿಲ ಮೇಲೆ ಕೂತು ತನ್ನ ಎಡಗಾಲಿನ ಶೂ ಬಿಚ್ಚಿ ಚೋಟುವಿಗೆ ಕೊಟ್ಟಳು, ಚೋಟುವಿನ ಎಡಗಾಲಿನದನ್ನು ತಾನು ಹಾಕಿಕೊಂಡಳು.

"ಈಗ ನಾವು ಜೋಡಿ. ಶೂ ಬದಲಾಯಿಸಿದ್ರೆ ಜೋಡಿ ಕಟ್. ಪ್ರಾಮಿಸ್?"

"ಪ್ರಾಮಿಸ್" ಅಂದಿದ್ದಳು ಚೋಟು.

ಒಂದು ಬೆಳಗ್ಗೆ ಬೆರಳು ಶೂ ತುದಿಗೆ ತಾಗಿದಾಗ ಅಮ್ಮನಿಗೆ ಹೇಳಿಬಿಡೋಣ ಅಂತಲೇ ಅವಳು ಅಂದುಕೊಂಡಿದ್ದಳು. ಆದರೆ ಅವತ್ತೇ ಆಟದ ಪಿರಿಯಡ್‌ನಲ್ಲಿ, ಅವಳು ಮಣ್ಣು ಕೊಡವಲು ಕಳಚಿಟ್ಟಿದ್ದ ಶೂ ಒಳಗೆ ಒಬ್ಬ ಹುಡುಗಿ ತಮಾಷೆಗೆ ಕಾಲು ತೂರಿಸಿದಳು. ಎರಡು ಜಡೆಗೂ ಉದ್ದುದ್ದ ರಿಬ್ಬನ್ ಕಟ್ಟಿಕೊಂಡು ಬರುವ ಅವಳನ್ನು ಎಲ್ಲರೂ ರಿಬ್ಬನ್ ಅಂತಲೇ ಕರೆಯುತ್ತಿದ್ದರು.

"ಅಯ್ಯೋ, ನಂಗೆ ಕರೆಕ್ಟಾಗಿದೆ! ಹೇಗೆ ಕಾಣ್ತೀನಿ?" ಅಂದಳು ರಿಬ್ಬನ್.

ಬುಗುರಿ ನಕ್ಕಳು. "ಸೂಪರ್!" ಅಂದಳು.

ಅಷ್ಟೇ ನಡೆದದ್ದು. ಆದರೆ ಆ 'ಸೂಪರ್' ಚೋಟುವಿನ ಎದೆಯಲ್ಲಿ ಮುಳ್ಳಿನ ಹಾಗೆ ನಾಟಿಕೊಂಡಿತು. ಬುಗುರಿಯ ಅಳತೆಯ ಕಾಲು ಬೇರೆಯವರಿಗೂ ಇದೆ. ತನ್ನ ಕಾಲು ಬೆಳೆದರೆ ಈ ಶೂ ರಿಬ್ಬನ್‌ಗೆ ಹೋಗುತ್ತದೆ, ಶೂ ಜೊತೆ ಬುಗುರಿಯೂ ಹೋಗುತ್ತಾಳೆ. ಆವತ್ತಿನಿಂದ ಚೋಟು ಬೆರಳು ಮುದುರಿಕೊಂಡು ನಡೆಯುವುದನ್ನು ಕಲಿತಳು.

ಇದರ ಮೇಲೆ ಶಾಲೆಯ ಕ್ರೀಡಾದಿನ ಬೇರೆ ಹತ್ತಿರ ಬಂತು. ಚೋಟು ಮತ್ತು ಬುಗುರಿ ಮೂರು ಕಾಲಿನ ಓಟಕ್ಕೆ ಹೆಸರು ಕೊಟ್ಟಿದ್ದರು. ಇಬ್ಬರೂ ಅಕ್ಕಪಕ್ಕ ನಿಂತು, ಒಬ್ಬಳ ಬಲಗಾಲನ್ನು ಇನ್ನೊಬ್ಬಳ ಎಡಗಾಲಿಗೆ ಬಟ್ಟೆಪಟ್ಟಿಯಿಂದ ಕಟ್ಟಿಕೊಂಡು ಓಡಬೇಕು. ಹಾಗೆ ಕಟ್ಟಿಕೊಂಡರೆ ನಡುವಿನ ಎರಡೂ ಶೂ ಕೆಂಪು, ಆಚೆ ಈಚೆಯ ಎರಡೂ ನೀಲಿ. "ದೂರದಿಂದ ನೋಡಿದ್ರೆ ನಮಗೆ ನಿಜವಾಗ್ಲೂ ಮೂರೇ ಕಾಲು!" ಅಂತ ಬುಗುರಿ ಕುಣಿದಾಡಿದ್ದಳು.

"ರೆಡಿ? ಕಟ್ಟಿದ ಕಾಲು ಮೊದಲು. ಕೆಂಪು, ನೀಲಿ, ಕೆಂಪು, ನೀಲಿ..." ಅಂತ ಅಭ್ಯಾಸಕ್ಕೆ ನಿಂತಾಗ ಬುಗುರಿ ಎಣಿಸಿದಳು.

ಚೋಟು ಕೆಂಪು ಕಾಲನ್ನು ಊರಿದಳು. ಹೆಬ್ಬೆರಳಿನ ಉಗುರಿಗೆ ಸೂಜಿ ಚುಚ್ಚಿದಂತಾಯಿತು. ನೀಲಿ ಕಾಲು ಮುಂದಿಡುವಷ್ಟರಲ್ಲಿ ಇಬ್ಬರೂ ಧೊಪ್ಪನೆ ಮಣ್ಣಿಗೆ ಬಿದ್ದರು.

"ಮತ್ತೆ ಬಿದ್ಯಾ? ನೀನು ಕಾಲು ಊರೋದೇ ಇಲ್ಲ ಕಣೇ. ಕೋಳಿ ಥರ ಎತ್ತೆತ್ತಿ ಇಡ್ತೀಯ."

"ಇನ್ನೊಂದ್ಸಲ ಓಡೋಣ."

ಇನ್ನೊಂದು ಸಲವೂ ಬಿದ್ದರು. ಈ ಸಲ ಬುಗುರಿಯ ಮೊಣಕೈ ತರಚಿತು. ಅವಳು ಬಟ್ಟೆಪಟ್ಟಿ ಬಿಚ್ಚಿ ಎದ್ದು ನಿಂತಳು.

"ನಿಂಗೆ ನನ್ನ ಜೊತೆ ಓಡೋಕೆ ಇಷ್ಟ ಇಲ್ವಾ? ಇಲ್ಲ ಅಂದ್ರೆ ಇಲ್ಲ ಅನ್ನು."

"ಇಷ್ಟ ಇದೆ" ಅಂದಳು ಚೋಟು.

"ಮತ್ತೆ ಏನಾಗಿದೆ ನಿಂಗೆ?"

ಚೋಟು ಬಗ್ಗಿ ಕೆಂಪು ಶೂ ಮೇಲಿನ ಮಣ್ಣು ಒರೆಸತೊಡಗಿದಳು. ಬುಗುರಿ ಮೈದಾನದ ಆ ತುದಿಗೆ ಓಡಿಹೋದಳು. ಅಲ್ಲಿ ರಿಬ್ಬನ್ ಒಬ್ಬಳೇ ನಿಂತಿದ್ದಳು. ಅವಳ ಜೋಡಿ ಅವತ್ತು ಶಾಲೆಗೆ ಬಂದಿರಲಿಲ್ಲ. ಬುಗುರಿ ಅವಳ ಪಕ್ಕ ನಿಂತು ಬಗ್ಗಿ ಬಟ್ಟೆಪಟ್ಟಿ ಕಟ್ಟುವುದು ಚೋಟುವಿಗೆ ಕಾಣಿಸಿತು. ಅವರಿಬ್ಬರೂ ಒಂದು ಸಲವೂ ಬೀಳಲಿಲ್ಲ.

ಸಂಜೆ ಅಮ್ಮ ಕೆಲಸದಿಂದ ಬಂದವಳೇ ಟಬ್‌ಗೆ ಬಿಸಿನೀರು ಸುರಿದು ಕಾಲು ಮುಳುಗಿಸಿ ಕೂತಳು. ದಿನವಿಡೀ ನಿಂತು ನಿಂತು ಅವಳ ಕಾಲು ಸಂಜೆ ಹೊತ್ತಿಗೆ ಊದಿಕೊಳ್ಳುತ್ತಿತ್ತು. "ದೊಡ್ಡವರು ಶೂ ಕೊಳ್ಳೋಕೆ ಸಂಜೆನೇ ಬರಬೇಕು. ಬೆಳಗ್ಗೆ ಸರಿಯಾಗಿದ್ದದ್ದು ಸಂಜೆ ಕಚ್ಚುತ್ತೆ. ಹೇಳಿದ್ರೆ ಯಾರು ಕೇಳ್ತಾರೆ?" ಅಂತ ದಿನವೂ ಹೇಳುವುದನ್ನೇ ಇವತ್ತೂ ಹೇಳಿದಳು.

ಅಜ್ಜಿ ಕಿಟಕಿಯ ಪಕ್ಕ ಕೂತು ಚೋಟುವಿನ ಸಾಕ್ಸ್‌ಗೆ ಹೊಲಿಗೆ ಹಾಕುತ್ತಿದ್ದಳು. ಒಂದು ಸಾಕ್ಸ್ ಕೈಗೆ ಹಾಕಿಕೊಂಡು ತಿರುಗಿಸಿ ನೋಡಿದಳು. ಇನ್ನೊಂದನ್ನೂ ನೋಡಿದಳು.

"ಇದೇನೇ ಇದು ವಿಚಿತ್ರ? ಲೋಕದ ಮಕ್ಕಳಿಗೆಲ್ಲ ಸಾಕ್ಸ್ ತೂತಾಗೋದು ಮುಂದೆ, ಇಲ್ಲಾ ಹಿಮ್ಮಡೀಲಿ. ಇವಳದು ಮೇಲ್ಗಡೆ ಸವೆದಿದೆ. ಬೆರಳಿನ ಗೆಣ್ಣು ಇರೋ ಕಡೆ."

ಚೋಟು ಪುಸ್ತಕದೊಳಗೆ ಮುಖ ಹುದುಗಿಸಿದಳು.

"ಹೀಗೆ ಸವೆಯಬೇಕು ಅಂದ್ರೆ ಬೆರಳು ಹೀಗೆ ಇರಬೇಕು" ಅಂತ ಅಜ್ಜಿ ಸಾಕ್ಸ್ ಒಳಗಿದ್ದ ತನ್ನ ಕೈಬೆರಳುಗಳನ್ನು ಮಡಚಿದಳು. ಸವೆದ ಜಾಗಗಳಿಂದ ಅವಳ ಗೆಣ್ಣುಗಳು ಇಣುಕಿದವು.

ಟಬ್‌ನಲ್ಲಿ ನೀರು ಕಲಕುವ ಸದ್ದು ನಿಂತಿತು. ಅಮ್ಮ ಸಾಕ್ಸ್ ನೋಡಿದಳು, ಮಗಳನ್ನು ನೋಡಿದಳು. ಶೂ ಅಂಗಡಿಯವಳಿಗೆ ಇನ್ನೇನು ಬಿಡಿಸಿ ಹೇಳಬೇಕು?

"ಬಾ ಇಲ್ಲಿ."

ಚೋಟು ಹೋದಳು. ಅಮ್ಮ ಅವಳ ಬಲಗಾಲನ್ನು ತನ್ನ ಒದ್ದೆ ಮಡಿಲ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನ ಉಗುರು ನೇರಳೆ ಕಪ್ಪಾಗಿತ್ತು. ಪಕ್ಕದ ಬೆರಳಿನ ಗೆಣ್ಣಿನ ಮೇಲೆ ಒಂದು ಗುಳ್ಳೆ ಒಡೆದು, ಒಣಗಿ, ಅದರ ಪಕ್ಕದಲ್ಲೇ ಹೊಸದು ಎದ್ದಿತ್ತು.

"ಬೆರಳು ಬಿಡಿಸು, ಚಿನ್ನ."

ಚೋಟು ಬಿಡಿಸಲು ನೋಡಿದಳು. ಅವು ತಕ್ಷಣಕ್ಕೆ ಪೂರ್ತಿ ನೆಟ್ಟಗಾಗಲಿಲ್ಲ. ಮುದುರಿ ಮುದುರಿ ಅದೇ ಅಭ್ಯಾಸವಾಗಿತ್ತು.

"ನಾನು ಒತ್ತಿ ನೋಡ್ದಾಗೆಲ್ಲ ಹೀಗೆ ಮುದುರಿಕೊಳ್ತಿದ್ಯಾ?"

ಚೋಟು ತಲೆಯಾಡಿಸಿದಳು. ಬೈಗುಳ ಬರುತ್ತದೆ ಅಂತ ಕಾದಳು. ಬೈಗುಳ ಬರಲಿಲ್ಲ. ಅಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಚೋಟುವಿಗೂ ತಡೆಯಲಾಗಲಿಲ್ಲ. ಪ್ರಾಮಿಸ್, ರಿಬ್ಬನ್, ಸೂಪರ್, ಮೂರು ಕಾಲಿನ ಓಟ, ಎಲ್ಲ ಬಿಕ್ಕುತ್ತಾ ಒಂದರ ಮೇಲೊಂದು ಹೊರಗೆ ಬಂತು.

"ಊರಿನ ಮಕ್ಕಳ ಕಾಲೆಲ್ಲ ನೋಡಿ, ನನ್ನ ಮಗಳ ಕಾಲು ನೋಡ್ಲಿಲ್ವಲ್ಲ" ಅಂದಳು ಅಮ್ಮ.

"ಈಗ ನೋಡಿದ್ಯಲ್ಲ, ಬಿಡು. ಇಬ್ಬರೂ ಸೇರಿ ಇನ್ನೊಂದು ಟಬ್ ತುಂಬಿಸಬೇಡಿ" ಅಂದಳು ಅಜ್ಜಿ.

ಅಳುತ್ತಿದ್ದ ಚೋಟುವಿಗೆ ನಗು ಬಂದುಬಿಟ್ಟಿತು. ಆದರೆ ನಗುವಾಗಲೇ ಅವಳ ಕಣ್ಣು ಅಜ್ಜಿಯ ಪಾದದ ಮೇಲೆ ಬಿತ್ತು. ಅಜ್ಜಿಯ ಬಲಪಾದದಲ್ಲಿ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿತ್ತು. ಚಿಕ್ಕಂದಿನಿಂದ ಚೋಟು ಅದನ್ನು 'ಸವಾರ' ಅಂತ ಕರೆಯುತ್ತಿದ್ದಳು. ಅದು ಹೇಗೆ ಹತ್ತಿತು ಅಂತ ಕೇಳಿದರೆ ಅಜ್ಜಿ ದಿನಕ್ಕೊಂದು ಕತೆ ಕಟ್ಟುತ್ತಿದ್ದಳು. ಒಮ್ಮೆ ಮೊಸಳೆ ಎಳೆಯಿತು, ಇನ್ನೊಮ್ಮೆ ಆನೆ ತುಳಿಯಿತು.

"ಅಜ್ಜಿ, ನಿಜ ಹೇಳು. ಸವಾರ ಹೇಗೆ ಹತ್ತಿದ?"

ಅಜ್ಜಿ ಸೂಜಿಯನ್ನು ಸಾಕ್ಸ್‌ಗೆ ಚುಚ್ಚಿಟ್ಟಳು.

"ನಾನು ಹೋಟೆಲ್ ರಿಸೆಪ್ಷನ್‌ನಲ್ಲಿ ಕೆಲಸ ಮಾಡ್ತಿದ್ದೆ ನೋಡು, ಆಗ ಚೂಪು ಮೂತಿಯ ಶೂ ಹಾಕ್ಕೊಳ್ತಿದ್ದೆ. ಎಷ್ಟು ಚೆನ್ನಾಗಿತ್ತು ಅಂತೀಯ! ಒಳಗೆ ಬೆರಳುಗಳಿಗೆ ಜಾಗ ಇರ್ಲಿಲ್ಲ. ಕಿತ್ತಾಡಿದ್ವು, ಕಿತ್ತಾಡಿದ್ವು, ಕೊನೆಗೆ ಒಬ್ಬ ಇನ್ನೊಬ್ಬನ ಹೆಗಲು ಹತ್ತಿದ. ಕೆಲಸ ಬಿಟ್ಟು ಕಾಲ ಆಯ್ತು, ಅವನು ಮಾತ್ರ ಇಳಿಯೋಕೆ ಒಪ್ತಾ ಇಲ್ಲ."

ಚೋಟು ತನ್ನ ಬೆರಳುಗಳನ್ನು ನೋಡಿಕೊಂಡಳು.

"ನಂದೂ ಹೀಗೇ ಆಗುತ್ತಾ?"

ಅಜ್ಜಿ ಆ ಪಾದವನ್ನು ಹಿಂದಕ್ಕೆ ಎಳೆದುಕೊಂಡಳು. "ನಾಳೆ ಡಾಕ್ಟರಿಗೆ ತೋರಿಸೋಣ" ಅಂದಳು ಅಮ್ಮ.

ಡಾಕ್ಟರಮ್ಮ ಚೋಟುವಿನ ಕಾಲನ್ನು ಹಿಡಿದು ಒಂದೊಂದೇ ಬೆರಳನ್ನು ಮೆಲ್ಲಗೆ ಎಳೆದರು, ಬಗ್ಗಿಸಿದರು. ಮುಂಗಾಲ ಮೇಲೆ ನಿಲ್ಲಿಸಿದರು. ಬರಿಗಾಲಲ್ಲಿ ಗೋಡೆಯವರೆಗೆ ಹೋಗಿ ಬಾ ಅಂದರು. ನೆಲದ ಮೇಲೆ ಒಂದು ಪೆನ್ಸಿಲ್ ಹಾಕಿ, "ಕಾಲ್ಬೆರಳಲ್ಲಿ ಎತ್ತು ನೋಡೋಣ" ಅಂದರು. ಚೋಟು ಎತ್ತಿದಳು, ಕೆಳಗೆ ಬೀಳಿಸಿದಳು, ಮತ್ತೆ ಎತ್ತಿದಳು. ಅಮ್ಮ ಉಸಿರಾಡುವುದನ್ನೇ ಮರೆತು ಬಾಗಿಲ ಬಳಿ ನಿಂತಿದ್ದಳು.

"ಏನೂ ಆಗಿಲ್ಲ" ಅಂದರು ಡಾಕ್ಟರಮ್ಮ.

ಆ ಎರಡು ಪದ ಕೇಳಿದ್ದೇ ತಡ, ಅಮ್ಮ ಕುರ್ಚಿಯ ಮೇಲೆ ದೊಪ್ಪೆಂದು ಕೂತಳು.

"ಮಕ್ಕಳ ಕಾಲಿನ ಮೂಳೆ ಇನ್ನೂ ಮೆತ್ತಗಿರುತ್ತೆ. ಅದಕ್ಕೇ ಬಿಗಿ ಶೂ ಒಳಗೆ ಹೇಗೆ ಮುದುರಿದ್ರೂ ಮುದುರುತ್ತೆ. ಈಗಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಜಾಗ ಕೊಟ್ರೆ ತಾವೇ ನೆಟ್ಟಗಾಗ್ತವೆ. ಆ ಕಪ್ಪು ಉಗುರು ನಿಧಾನವಾಗಿ ಬಿದ್ದುಹೋಗುತ್ತೆ, ಕೆಳಗಿಂದ ಹೊಸದು ಬರುತ್ತೆ."

"ಆದ್ರೆ ಡಾಕ್ಟರ್, ನಾನು ಎತ್ತರ ಆಗೇ ಇಲ್ಲ, ಬಾಗಿಲ ಮೇಲಿನ ಗೆರೆ ಅಲ್ಲೇ ಇದೆ. ಕಾಲು ಮಾತ್ರ ಯಾಕೆ ಬೆಳೀತು?"

"ನಾಯಿಮರಿ ನೋಡಿದ್ದೀಯಾ? ಮೈ ಇಷ್ಟು, ಪಾದ ಅಷ್ಟು. ಎಷ್ಟೋ ಮಕ್ಕಳಿಗೂ ಮೊದಲು ಪಾದ ಬೆಳೆಯುತ್ತೆ, ಆಮೇಲೆ ಮಿಕ್ಕ ಮೈ. ಬಾಗಿಲ ಗೆರೆ ಮೇಲೆ ಕಣ್ಣಿಟ್ಟಿರು."

ಚೋಟುವಿಗೆ ಒಂದು ಪ್ರಶ್ನೆ ಉಳಿದಿತ್ತು. "ಮೂರು ಕಾಲಿನ ಓಟ ಓಡಬಹುದಾ?"

"ಆ ಶೂ ಹಾಕ್ಕೊಂಡು ಒಂದು ಹೆಜ್ಜೇನೂ ಇಡೋ ಹಾಗಿಲ್ಲ. ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡು, ನೋವಾಗದಿದ್ರೆ. ನೋವಾದ್ರೆ ನಿಲ್ಲು."

ಅಲ್ಲಿಂದ ಹೊರಬಂದಾಗ ಚೋಟುವಿನ ಕಾಲಲ್ಲಿ ಅಮ್ಮನ ಅಗಲವಾದ ಚಪ್ಪಲಿ ಇತ್ತು, ಅಮ್ಮನ ಕಾಲಲ್ಲಿ ಬ್ಯಾಗಿನಲ್ಲಿ ತಂದಿದ್ದ, ಅಂಗಡಿಗೆ ಹಾಕಿಕೊಂಡು ಹೋಗುವ ಶೂ. ಚಪ್ಪಲಿ ಹಿಂದೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಬೆರಳುಗಳು ಆರಾಮಾಗಿ ಕಾಲು ಚಾಚಿ ಮಲಗಿದ್ದವು. ಎಷ್ಟೋ ದಿನದ ಮೇಲೆ ಅವಳು ಕುಣಿದುಕೊಂಡು ನಡೆದಳು.

ಆದರೆ ಮರುದಿನ ಶಾಲೆಯ ಗೇಟು ಹತ್ತಿರ ಬಂದಾಗ ಆ ಕುಣಿತ ನಿಂತುಹೋಯಿತು. ಅವಳ ಕಾಲಲ್ಲಿ ಅಮ್ಮ ಅಳತೆಮಣೆಯ ಮೇಲೆ ಅಳೆದು ಕೊಟ್ಟ ಹೊಸ ಶೂ ಇತ್ತು. ಎರಡೂ ಬಿಳಿ. ಆ ಅಳತೆಯಲ್ಲಿ ಕೆಂಪೂ ಇರಲಿಲ್ಲ, ನೀಲಿಯೂ ಇರಲಿಲ್ಲ.

ಬುಗುರಿ ಗೇಟಿನ ಪಕ್ಕದಲ್ಲೇ ನಿಂತಿದ್ದಳು. ಒಂದು ಕಾಲು ಕೆಂಪು, ಒಂದು ಕಾಲು ನೀಲಿ. ಅವಳ ಕಣ್ಣು ಮೊದಲು ಹೋದದ್ದು ಚೋಟುವಿನ ಕಾಲಿಗೆ.

"ಬದಲಾಯಿಸಿಬಿಟ್ಟೆ" ಅಂದಳು ಬುಗುರಿ. ಅವಳ ದನಿ ಸಣ್ಣಗಾಗಿತ್ತು. "ನಂಗೆ ಗೊತ್ತಿತ್ತು. ನಿಂಗೆ ನನ್ನ ಜೊತೆ ಜೋಡಿ ಬೇಡ."

"ಹಾಗಲ್ಲ! ನನ್ನ ಕಾಲು ಬೆಳೆದುಬಿಡ್ತು ಕಣೇ. ನಾನು ಬೆಳೆಸಿದ್ದಲ್ಲ, ಅದಾಗೇ ಬೆಳೀತು. ನಿಂಗೆ ಗೊತ್ತಾದ್ರೆ ನೀನು ರಿಬ್ಬನ್ ಜೊತೆ ಹೋಗ್ತೀಯ ಅಂತ ನಾನು ಹೇಳ್ಲಿಲ್ಲ. ಬೆರಳು ಮುದುರ್ಕೊಂಡು ಹಾಕ್ಕೊಳ್ತಿದ್ದೆ. ಅದಕ್ಕೇ ಬೀಳ್ತಿದ್ದೆ."

ಬುಗುರಿ ಮುಖ ಗಂಟಿಕ್ಕಿದಳು. "ತೋರ್ಸು."

ಚೋಟು ಅಲ್ಲೇ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ, ಸಾಕ್ಸ್ ಎಳೆದಳು. ಬುಗುರಿ ಮಂಡಿಯೂರಿ ಬಗ್ಗಿದಳು. ಕಪ್ಪು ಉಗುರನ್ನು ನೋಡಿದಳು. ಗುಳ್ಳೆಗಳನ್ನು ನೋಡಿದಳು. ಅವಳ ಕಣ್ಣು ಅಗಲವಾಗುತ್ತಾ ಹೋಯಿತು.

"ಅಬ್ಬಬ್ಬಾ! ಸಖತ್ತಾಗಿದೆ! ಇದು ಬಿದ್ದುಹೋಗುತ್ತಾ?"

"ಹೂಂ. ಕೆಳಗಿಂದ ಹೊಸದು ಬರುತ್ತಂತೆ. ಅಲ್ಲೀವರೆಗೆ ಓಡೋದಾದ್ರೆ ಹುಲ್ಲಿನ ಮೇಲೆ ಬರಿಗಾಲಲ್ಲೇ ಅಂತೆ."

"ಬಿದ್ದಾಗ ನಂಗೆ ಕೊಡ್ತೀಯಾ?"

"ಛೀ! ಉಗುರು ತಗೊಂಡು ಏನ್ ಮಾಡ್ತೀಯ?"

"ನೋಡ್ತೀನಿ" ಅಂದಳು ಬುಗುರಿ. ಆಮೇಲೆ ಚೋಟುವಿನ ಪಕ್ಕ ಮೆಟ್ಟಿಲ ಮೇಲೆ ಕೂತಳು. "ರಿಬ್ಬನ್ ಜೊತೆ ಓಡಿದ್ದು ನಿಂಗೆ ಹೊಟ್ಟೆ ಉರಿಸೋಕೆ. ಅವಳ ಜೊತೆ ಮಜಾ ಬರಲಿಲ್ಲ. ಬೀಳೋದೇ ಇಲ್ಲ ಅವಳು, ಬೋರು."

ಚೋಟುವಿನ ಎದೆಯ ಮುಳ್ಳು ಯಾವಾಗ ಕಳಚಿತೋ ಅವಳಿಗೇ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಬುಗುರಿ ತನ್ನ ಕೆಂಪು ಶೂ ಬಿಚ್ಚುತ್ತಿದ್ದಳು, ನೀಲಿಯನ್ನೂ ಬಿಚ್ಚಿದಳು.

"ನೀನು ಬರಿಗಾಲಲ್ಲಿ ಓಡೋದಾದ್ರೆ ನಾನೂ ಬರಿಗಾಲೇ. ಬಾ, ಮಿಸ್‌ನ ಕೇಳೋಣ."

ಆಟದ ಮಿಸ್ ಮೊದಲು ಹುಬ್ಬೇರಿಸಿದರು. ಆಮೇಲೆ ತಾವೇ ಹುಲ್ಲಿನ ಮೇಲೆ ಆ ತುದಿಯಿಂದ ಈ ತುದಿಯವರೆಗೆ ನಡೆದು, ಕಲ್ಲು ಗಾಜು ಏನಾದರೂ ಇದೆಯೇ ಅಂತ ನೋಡಿ ಬಂದು, "ಸರಿ, ಓಡಿ" ಅಂದರು.

ಕ್ರೀಡಾದಿನದ ಓಟದಲ್ಲಿ ಗೆದ್ದದ್ದು ರಿಬ್ಬನ್ ಮತ್ತು ಅವಳ ಜೋಡಿ. ಚೋಟು ಬುಗುರಿ ಕೊನೆಯಿಂದ ಎರಡನೆಯವರು. ಕೊನೆಯವರು ಆಗಬೇಕಿತ್ತು, ಆದರೆ ಮುಂದಿದ್ದ ಒಂದು ಜೋಡಿ ದಾರಿಯಲ್ಲೇ ಜಗಳಾಡಿಕೊಂಡು ನಿಂತುಬಿಟ್ಟಿತು. ಬಣ್ಣ ಇಲ್ಲದ ಮೇಲೆ ಕೆಂಪು ನೀಲಿ ಅಂತ ಹೇಳಿಕೊಳ್ಳುವಂತಿರಲಿಲ್ಲ. ಬುಗುರಿ ಬಾಯಿಗೆ ಬಂದದ್ದನ್ನೆಲ್ಲ ಕೂಗಿದಳು, ಚೋಟು ನಕ್ಕು ನಕ್ಕು ಹೆಜ್ಜೆ ತಪ್ಪಿದಳು, ಒಂದು ಸಲ ಇಬ್ಬರೂ ಉರುಳಿದರು. ನೋವಿನಿಂದ ಬಿದ್ದದ್ದಲ್ಲ, ನಗುವಿನಿಂದ ಬಿದ್ದದ್ದು. ಎದ್ದು ಮತ್ತೆ ಓಡಿದರು. ಅಂಗಾಲಿಗೆ ಹುಲ್ಲು ಕಚಗುಳಿಯಿಡುತ್ತಿತ್ತು. ಬೇಲಿಯ ಆಚೆ ಅಮ್ಮ ಮತ್ತು ಅಜ್ಜಿ ಗೆದ್ದವರ ಕಡೆಯವರಂತೆ ಚಪ್ಪಾಳೆ ಹೊಡೆದರು.

"ಆ ಹಳೇ ಶೂ ಎಲ್ಲಿ?" ಅಂತ ಓಟ ಮುಗಿದ ಮೇಲೆ ಬುಗುರಿ ಕೇಳಿದಳು.

"ಅಮ್ಮ ಅಂಗಡಿಗೆ ತಗೊಂಡು ಹೋಗಿದ್ದಾಳೆ. ಗಿರಾಕಿಗಳಿಗೆ ತೋರಿಸ್ತಾಳಂತೆ, ಮಕ್ಕಳು ಹೀಗೂ ಮೋಸ ಮಾಡ್ತಾರೆ ಅಂತ. ಈಗ ಎಲ್ಲರಿಗೂ ಬೆರಳು ಕುಣಿಸು ಅಂದು, ಆಮೇಲೆ ಒತ್ತಿ ನೋಡ್ತಾಳೆ."

"ನೀನು ಫೇಮಸ್ ಆಗ್ಬಿಟ್ಟೆ ಬಿಡು" ಅಂದಳು ಬುಗುರಿ.

ಇಬ್ಬರೂ ನಲ್ಲಿಯ ಹತ್ತಿರ ಹೋಗಿ ಮಣ್ಣಾದ ಕಾಲು ತೊಳೆದುಕೊಂಡರು. ಸಿಮೆಂಟ್ ನೆಲ ಬಿಸಿಲಿಗೆ ಒಣಗಿ ಬೆಳ್ಳಗಿತ್ತು. ಚೋಟು ಒದ್ದೆ ಕಾಲನ್ನು ಅದರ ಮೇಲೆ ಇಟ್ಟು ತೆಗೆದಳು. ಅಗಲವಾದ ಒಂದು ಹೆಜ್ಜೆಗುರುತು ಮೂಡಿತು. ಮುಂದೆ ಐದು ದುಂಡು ಬೆರಳು, ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ.

ಅದು ಆರುವ ಮುಂಚೆ ಬುಗುರಿ ತನ್ನ ಪಾದವನ್ನು ಆ ಗುರುತಿನೊಳಗೆ ಇಟ್ಟಳು. ಹಿಮ್ಮಡಿಗೆ ಹಿಮ್ಮಡಿ ಸರಿಯಾಗಿ ಕೂರಿಸಿದಳು. ಅವಳ ಬೆರಳುಗಳ ಮುಂದೆ ಚೋಟುವಿನ ಹೆಜ್ಜೆ ಇನ್ನೂ ಸ್ವಲ್ಪ ಉಳಿದಿತ್ತು. ಬುಗುರಿ ಬಗ್ಗಿ, ಥೇಟ್ ಚೋಟುವಿನ ಅಮ್ಮನ ಹಾಗೆ ಮುಖ ಗಂಭೀರ ಮಾಡಿಕೊಂಡು, ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಹೆಬ್ಬೆರಳಷ್ಟು ಜಾಗ ಇದೆ. ನಂಗೆ ಬೆಳೆಯೋಕೆ" ಅಂದಳು.

ಚೋಟು ಪಕ್ಕದಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಬಿಸಿ ಸಿಮೆಂಟಿನ ಮೇಲೆ ಅವಳ ಕಾಲ್ಬೆರಳುಗಳು ತಾವಾಗಿಯೇ ಅಗಲವಾಗಿ ಬಿಡಿಸಿಕೊಂಡಿದ್ದವು.